ಅತ್ತೆ ಹಿಂತೆಗೆದುಕೊಂಡ ಎರಡು ಮಾತು

ನಮ್ಮ ಕಚೇರಿಯ ನಡುಹಾದಿ ನಾಲ್ಕು ಜನ ತೋಳಿಗೆ ತೋಳು ತಾಗದಂತೆ ಜೊತೆಯಾಗಿ ನಡೆಯುವಷ್ಟು ವಿಶಾಲವಾಗಿತ್ತು. ಆದರೂ ಅತ್ತೆ ಅಲ್ಲಿ ಎಡಭುಜವನ್ನು ಮುಂದೆ ಮಾಡಿ, ಮೈಯನ್ನು ತುಸು ಓರೆಯಾಗಿಸಿ, ಉಸಿರು ಬಿಗಿಹಿಡಿದವರಂತೆ ಗೋಡೆಯ ಮಗ್ಗುಲಲ್ಲೇ ಹಾಯ್ದು ಬರುತ್ತಿದ್ದರು. ಮೊದಲ ಸಲ ನೋಡಿದವರು ಪಾಪ ಸೊಂಟನೋವಿರಬೇಕೆಂದು ಮರುಗಿ ಕುರ್ಚಿ ಎಳೆದುಕೊಡುತ್ತಿದ್ದರು. ನೋವೂ ಇಲ್ಲ, ಏನೂ ಇಲ್ಲ. ಮೂವತ್ತೊಂದು ವರ್ಷ ಅವರು ಒಂದು ಕಾಗದದ ಗೋದಾಮಿನಲ್ಲಿ ಲೆಕ್ಕ ಬರೆದಿದ್ದರು. ಅಲ್ಲಿ ಆಳೆತ್ತರಕ್ಕೆ ಒಟ್ಟಿದ ಕಾಗದದ ಕಟ್ಟುಗಳ ನಡುವೆ ಓಡಾಡಲು ಬಿಟ್ಟ ಸಂದು ಒಂದೂವರೆ ಅಡಿ ಮಾತ್ರ. ಗೋದಾಮು ಮುಚ್ಚಿ ವರ್ಷಗಳಾದರೂ ಆ ಸಂದು ಅವರ ನಡಿಗೆಯಲ್ಲಿ ಉಳಿದುಬಿಟ್ಟಿತ್ತು. ಎಳೆದುಕೊಟ್ಟ ಕುರ್ಚಿಯಲ್ಲಿ ಮಾತ್ರ ಅವರು ಬೇಡವೆನ್ನದೆ ಕೂತುಕೊಳ್ಳುತ್ತಿದ್ದರು.

ಅವರ ಕಂದುಬಣ್ಣದ ದಪ್ಪ ಕೋಟು ಕೂಡ ಗೋದಾಮಿನದೇ. ಕಾಗದದ ಧೂಳು ಮೈಗೆ ಹತ್ತದಿರಲೆಂದು ಅಲ್ಲಿಯವರು ಕೊಟ್ಟದ್ದು. ಲೆಕ್ಕದ ಪುಸ್ತಕದ ಮೇಲೆ ಊರಿ ಊರಿ ಸವೆದ ಎಡ ಮೊಣಕೈಗೆ ಎರಡು ಬೇರೆ ಬೇರೆ ಬಣ್ಣದ ತೇಪೆಗಳಿದ್ದವು. ನಾಲ್ಕು ಜೇಬುಗಳಲ್ಲಿ ಸದಾ ಕಾಗದದ ಚೂರುಗಳಿದ್ದವು. ಸಣ್ಣ ಅಂಗಡಿಗಳಿಗೂ ಸಂಘಗಳಿಗೂ ಲೆಕ್ಕ ಬರೆಯುವ ತಂತ್ರಾಂಶವನ್ನು ತಯಾರಿಸುತ್ತಿದ್ದ ನಮ್ಮ ಯಜಮಾನನಿಗೆ ಅವರು ಸೋದರತ್ತೆ. ಗೋದಾಮು ಮುಚ್ಚಿದ ಮೇಲೆ ಅವನು ಅವರನ್ನು ಕರೆತಂದು, ಪರದೆಯ ಮೇಲಿನ ಮಾತುಗಳನ್ನೆಲ್ಲ ಆರಿಸುವ ಕೆಲಸ ಒಪ್ಪಿಸಿದ. ಅವನು ಅತ್ತೆ ಎಂದದ್ದೇ ಸರಿ, ಇಡೀ ಕಚೇರಿ ಅತ್ತೆ ಎಂದಿತು. ವರ್ಷಕ್ಕೊಮ್ಮೆ ಬರುತ್ತಿದ್ದ, ಅವರಿಗಿಂತ ಹತ್ತು ವರ್ಷ ಹಿರಿಯರಾದ ಲೆಕ್ಕ ಪರಿಶೋಧಕರೂ ಅತ್ತೆ ಎಂದರು. ನಾನು ಅಲ್ಲಿ ಸಹಾಯದ ಪುಟಗಳನ್ನು ಬರೆಯುತ್ತಿದ್ದೆ, ಬಳಕೆದಾರರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದೆ. ನನಗೆ ಸಂಸ್ಕೃತದ ಮಾತುಗಳ ಮೇಲೆ ಒಂದಿಷ್ಟು ಮೋಹವಿರುವುದನ್ನು ಮೊದಲ ವಾರವೇ ಪತ್ತೆಹಚ್ಚಿದ ಅವರು ನನ್ನನ್ನು ‘ಪಂಡಿತರೇ’ ಎಂದು ಕರೆಯತೊಡಗಿದರು. ಅದು ಗೌರವವಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಅವರ ಬಾಯಲ್ಲಿ ಒಂದು ಮಾತು ಮನೆ ಮಾಡಿಕೊಂಡಿತ್ತು: ‘ಅಂದ್ರೆ?’ ಯಾರು ಏನೇ ಹೇಳಲಿ, ಕನ್ನಡಕದ ಮೇಲಿಂದ ನೋಡಿ, ಅಂದ್ರೆ ಎನ್ನುವರು. ಒಮ್ಮೆ ವೈದ್ಯರು ರಕ್ತದೊತ್ತಡ ಗಡಿಯಲ್ಲಿದೆ ಎಂದರಂತೆ. ಅಂದ್ರೆ? ಜೀವನಶೈಲಿಯಲ್ಲಿ ಮಾರ್ಪಾಡು ಬೇಕು ಎಂದರಂತೆ. ಅಂದ್ರೆ? ಆಹಾರದಲ್ಲಿ ನಿಯಂತ್ರಣ, ನಿಯತವಾದ ವ್ಯಾಯಾಮ. ಅಂದ್ರೆ? ವೈದ್ಯರು ಪೆನ್ನು ಕೆಳಗಿಟ್ಟು, “ಉಪ್ಪು ಕಮ್ಮಿ ಮಾಡಿ ತಾಯಿ, ದಿನಾ ಅರ್ಧ ಗಂಟೆ ನಡೀರಿ” ಎಂದರಂತೆ. “ಇದನ್ನ ಮೊದಲೇ ಹೇಳಿದ್ರೆ ಹೊರಗಡೆ ಕೂತಿರೋ ಆರು ಜನ ಇಷ್ಟೊತ್ತಿಗೆ ಮನೆ ಸೇರ್ತಿದ್ರು” ಎಂದು ಹೇಳಿ ಅತ್ತೆ ಎದ್ದು ಬಂದರಂತೆ. ಈ ಕತೆಯನ್ನು ಅವರೇ ನಮಗೆ ಹೇಳಿದ್ದು, ಊಟದ ಡಬ್ಬಿ ಮುಚ್ಚುತ್ತ.

ಅವರು ಆರಿಸಬೇಕಾಗಿದ್ದ ಮಾತುಗಳಾದರೋ ಸುಲಭದವಲ್ಲ. ಜೋಡಿ ನಮೂದಿನ ಲೆಕ್ಕದ ತಿರುಳು ಇಷ್ಟೇ: ಹಣ ಆಕಾಶದಿಂದ ಉದುರುವುದಿಲ್ಲ, ನೆಲದಲ್ಲಿ ಇಂಗುವುದೂ ಇಲ್ಲ, ಒಂದು ಕಡೆಯಿಂದ ಹೊರಟದ್ದು ಇನ್ನೊಂದು ಕಡೆ ಸೇರಿಯೇ ಸೇರುತ್ತದೆ, ಆದಕಾರಣ ಪ್ರತಿಯೊಂದನ್ನೂ ಎರಡು ಕಡೆ ಬರೆಯಬೇಕು. ತಿರುಳು ಇಷ್ಟು ಸರಳವಾಗಿದ್ದರೂ ಅದಕ್ಕೆ ತೊಡಿಸಿರುವ ಡೆಬಿಟ್ಟು, ಕ್ರೆಡಿಟ್ಟುಗಳ ಹೆಸರು ಕೇಳಿದರೆ ಅರ್ಧ ಜನ ಪುಸ್ತಕ ಮುಚ್ಚುತ್ತಾರೆ. ತಂತ್ರಾಂಶ ಬರೆಯುವ ಹುಡುಗಿಯರಿಬ್ಬರು ಆ ಹೆಸರುಗಳೇ ಇರಲಿ ಎಂದರು. ನಾನು ಎರಡು ದಿನ ನಿಘಂಟುಗಳಲ್ಲಿ ಮುಳುಗೆದ್ದು ‘ಆಗಮನ’, ‘ನಿರ್ಗಮನ’ ಎಂಬ ಜೋಡಿಯನ್ನು ತಂದು ವಿನಯದಿಂದ ಮುಂದಿಟ್ಟೆ. ಅತ್ತೆ ಅದನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿ, “ಇದರಲ್ಲಿ ರೈಲು ಎಷ್ಟು ಗಂಟೆಗೆ ಬರುತ್ತೆ ಪಂಡಿತರೇ?” ಎಂದರು. ಅಂದಿನಿಂದ ಸುಮಾರು ಒಂದು ತಿಂಗಳು ನಾನು ಎಲ್ಲಿಂದ ಎದ್ದರೂ ಯಾರಾದರೂ ನಿರ್ಗಮನ ಎನ್ನುತ್ತಿದ್ದರು.

ಅತ್ತೆಯ ಕೆಲಸದ ರೀತಿಯೇ ಬೇರೆ. ಮಾತನ್ನು ಕಾಗದದ ಚೂರೊಂದರಲ್ಲಿ ದಪ್ಪಗೆ ಬರೆದು, ಕೋಟಿನ ಜೇಬಿಗೆ ತುರುಕಿ, ಬೀದಿಗಿಳಿಯುವರು. ಬೀಗದ ಕೈ ಮಾಡುವವನು, ತರಕಾರಿ ಮಾರುವಾಕೆ, ಎದುರು ಕಟ್ಟಡದ ಲಿಫ್ಟಿನವನು, ಬಸ್ಸಿಗೆ ಕಾಯುತ್ತ ನಿಂತ ಅಪರಿಚಿತರು, ಎಲ್ಲರಿಗೂ ಆ ಚೂರನ್ನು ತೋರಿಸಿ, “ಇದನ್ನ ಒತ್ತಿದ್ರೆ ಏನಾಗುತ್ತೆ ಅನ್ಸುತ್ತೆ?” ಎಂದು ಕೇಳುವರು. ಉತ್ತರವನ್ನು ಚೂರಿನ ಹಿಂದೆ ಬರೆದುಕೊಳ್ಳುವರು. ‘ವ್ಯವಹಾರ’ ಎಂಬ ಮಾತು ಬಿದ್ದುಹೋದದ್ದು ಬೀಗದವನಿಂದ. ಅವನು ಓದಿ ಮೀಸೆಯಲ್ಲೇ ನಕ್ಕು, ಇದರಲ್ಲೇನೋ ಒಳಗೊಳಗೆ ನಡೀತಿದೆ ಅನ್ಸುತ್ತಮ್ಮ ಎಂದನಂತೆ. ‘ವಹಿವಾಟು’ ಬಿದ್ದದ್ದು ತರಕಾರಿಯಾಕೆಯಿಂದ; ಅದೆಲ್ಲ ದೊಡ್ಡವರಿಗೆ, ನಂದೇನಿದ್ದರೂ ಬುಟ್ಟಿ ಲೆಕ್ಕ ಎಂದಳಂತೆ. ಕೊನೆಗೆ ಅತ್ತೆ ‘ಬಂತು’, ‘ಹೋಯಿತು’ ಎಂಬ ಎರಡು ಮಾತುಗಳನ್ನು ಹೊತ್ತು ಹೋದರು. ನಲವತ್ತು ಜನರನ್ನು ಕೇಳಿದರು. ಮುದುಕರು, ಹುಡುಗರು, ಓದಿದವರು, ಬರೀ ಕೂಡಿಸಿ ಓದಬಲ್ಲವರು, ನಲವತ್ತಕ್ಕೆ ನಲವತ್ತು ಜನ ತಡವರಿಸದೆ ಉತ್ತರ ಕೊಟ್ಟರು.

ಅಂದು ಅವರ ಮುಖ ನೋಡಬೇಕಿತ್ತು. ಮೂವತ್ತೊಂದು ವರ್ಷ ದಪ್ಪ ಪುಸ್ತಕಗಳ ಹಿಂದೆ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಹೆಂಗಸು, ಆ ಹೊತ್ತು ಇಡೀ ಕಚೇರಿಗೆ ಟೀ ತರಿಸಿದರು. ಹುಡುಗಿಯರು ಒಂದು ಆಕ್ಷೇಪ ಎತ್ತಿದ್ದುಂಟು. ಬಳಸುವವರು ಒಂದೇ ಗುಂಡಿ ಒತ್ತಿದರೆ ಎರಡನೆಯ ಕಡೆಯನ್ನು ತಂತ್ರಾಂಶ ತಾನೇ ಬರೆಯಬೇಕಾಗುತ್ತದೆ. ‘ಬಂತು’ ಎಂದರೆ ಇತರೆ ಆದಾಯ, ‘ಹೋಯಿತು’ ಎಂದರೆ ಇತರೆ ಖರ್ಚು ಎಂದು ಊಹಿಸಿಕೊಳ್ಳಬೇಕಾಗುತ್ತದೆ, ಅದು ಸರಿಯೇ ಎಂದು ಕೇಳಿದರು. “ಜನಕ್ಕೆ ಅರ್ಥ ಆಗಿದೆ. ನಲವತ್ತು ಜನ” ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು. ಸೋದರಳಿಯನಾದ ಯಜಮಾನನೂ ಅವರ ಹಟಕ್ಕೆ ಮಣಿದ. ಎರಡು ಮಾತುಗಳು ಪರದೆಗೆ ಏರಿದವು.

ಏಳು ತಿಂಗಳ ಮೇಲೆ, ಒಂದು ಗುರುವಾರ ಮಧ್ಯಾಹ್ನ ನನ್ನ ಮೇಜಿನ ಫೋನು ಗುಣುಗುಟ್ಟಿತು. ಆ ಕಡೆಯ ಹೆಂಗಸು ತಾನು ಹೊಲಿಗೆಯವರ ಸಂಘದ ಖಜಾಂಚಿ ಎಂದು ಹೇಳಿಕೊಂಡಳು. ಇಪ್ಪತ್ತೆರಡು ಹೆಂಗಸರು ಸೇರಿ ಶಾಲೆಗಳಿಗೂ ಆಸ್ಪತ್ರೆಗಳಿಗೂ ಬಟ್ಟೆ ಹೊಲಿಯುವ ಸಂಘ. ಆಕೆ ಅಲ್ಲಿ ತೋಳು ಕೂಡಿಸುವವಳು, ಲೆಕ್ಕ ಬರೆಯುವ ಕೆಲಸವನ್ನು ಯಾರೂ ಒಪ್ಪದಿದ್ದಾಗ ಒಪ್ಪಿಕೊಂಡವಳು. ಮಾತು ನಿಧಾನವಾಗಿತ್ತು, ಅತ್ತು ಮುಗಿಸಿದವರ ನಿಧಾನ.

“ಸರ್, ಮೂರು ಲಕ್ಷದ ಹದಿನೈದು ಸಾವಿರ ನಾನು ತಿಂದಿಲ್ಲ ಅಂತ ನಿಮ್ಮ ಕಂಪ್ಯೂಟರಿನಿಂದ ಹೇಳಿಸೋಕೆ ಆಗುತ್ತಾ?”

ವಿಷಯ ಹೀಗಿತ್ತು. ಸಂಘದ ಲೆಕ್ಕದಲ್ಲಿ ಹದಿನಾಲ್ಕು ಶನಿವಾರ, ಶನಿವಾರಕ್ಕೆ ಇಪ್ಪತ್ತೆರಡೂವರೆ ಸಾವಿರದಂತೆ, ಬಿಲ್ಲಿಲ್ಲದ ಖರ್ಚು ಕಾಣಿಸುತ್ತಿತ್ತು. ಅಧ್ಯಕ್ಷೆ ಬೇರೆ ಯಾರೂ ಅಲ್ಲ, ಆಕೆಯ ವಾರಗಿತ್ತಿ. ಒಂದೇ ಮನೆಯ ಅಣ್ಣತಮ್ಮಂದಿರ ಕೈಹಿಡಿದವರು ಇಬ್ಬರೂ. ವಾರ ವಾರ ಸಂಬಳ ತಗೊಂಡ ಹಾಗೆ ತಗೊಂಡಿದ್ದೀಯಲ್ಲೇ ಎಂದು ಅಧ್ಯಕ್ಷೆ ಎಲ್ಲರೆದುರೇ ಅಂದಿದ್ದಳು. ಬರುವ ಭಾನುವಾರ ಸಂಘದ ಸಭೆ. ಅಷ್ಟರಲ್ಲಿ ಹಣದ ಮೊದಲ ಕಂತಾದರೂ ಕಟ್ಟದಿದ್ದರೆ ಹೆಸರು ತೆಗೆಯುವುದೆಂದು ತೀರ್ಮಾನವಾಗಿತ್ತು. ಆಕೆ ತನ್ನ ಹೊಲಿಗೆ ಯಂತ್ರ ಮಾರಲು ಗಿರಾಕಿಯನ್ನು ಗೊತ್ತುಮಾಡಿದ್ದಳು. ಅವನು ಬಂದು ಯಂತ್ರ ತುಳಿದು ನೋಡಿಯೂ ಹೋಗಿದ್ದ, ಭಾನುವಾರ ಸಂಜೆ ಒಯ್ಯುವುದಾಗಿ ಹೇಳಿದ್ದ.

ನಾನು ಆಕೆಯ ಲೆಕ್ಕವನ್ನು ಅಚ್ಚು ಹಾಕಿಸಿ ಅತ್ತೆಯ ಮುಂದಿಟ್ಟೆ. ಅವರು ಖರ್ಚಿನ ಪುಟವನ್ನು ನೋಡಲೇ ಇಲ್ಲ. ಎಲ್ಲರೂ ಅದನ್ನೇ ನೋಡಿದ್ದಾರಲ್ಲ, ಅದರಲ್ಲಿ ಇನ್ನೇನು ಉಳಿದಿರುತ್ತದೆ ಎಂದು ಆದಾಯದ ಪುಟ ತೆರೆದರು. ಬೆರಳು ಒಂದೊಂದೇ ಸಾಲು ಇಳಿದು, ನಿಂತಿತು, ಮತ್ತೆ ಇಳಿದು, ಮತ್ತೆ ನಿಂತಿತು. ಅಲ್ಲೂ ಹದಿನಾಲ್ಕು ಶನಿವಾರ. ಅಲ್ಲೂ ಇಪ್ಪತ್ತೆರಡೂವರೆ ಸಾವಿರ. ಯಾರಿಂದ ಬಂತು ಎಂಬುದಕ್ಕೆ ರಸೀದಿಯಿಲ್ಲ.

“ಕದಿಯೋಳು ಖರ್ಚು ಬರೀತಾಳೆ, ಸರಿ. ಅಷ್ಟೇ ಹಣ ಆದಾಯ ಅಂತ ಯಾಕೆ ಬರೀತಾಳೆ?” ಎಂದರು. ಆಮೇಲೆ ಬ್ಯಾಂಕಿನ ಪುಟವನ್ನೂ ಪೆಟ್ಟಿಗೆಯ ಪುಟವನ್ನೂ ತೆಗೆದು ಸಾಲಿಗೆ ಸಾಲು ತಾಳೆ ನೋಡಿದರು; ನಡೆದದ್ದು ಬಯಲಾಯಿತು.

ಆಕೆ ಪ್ರತಿ ಶನಿವಾರ ಕೂಲಿ ಹಂಚಲು ಬ್ಯಾಂಕಿನಿಂದ ಹಣ ತೆಗೆದು ಸಂಘದ ಪೆಟ್ಟಿಗೆಗೆ ಹಾಕುತ್ತಿದ್ದಳು. ಪೆಟ್ಟಿಗೆಗೆ ಬಂತಲ್ಲ, ‘ಬಂತು’ ಒತ್ತಿದಳು. ಬ್ಯಾಂಕಿನಿಂದ ಹೋಯಿತಲ್ಲ, ‘ಹೋಯಿತು’ ಒತ್ತಿದಳು. ತಂತ್ರಾಂಶ ಮೊದಲನೆಯದನ್ನು ಆದಾಯವೆಂದಿತು, ಎರಡನೆಯದನ್ನು ಖರ್ಚೆಂದಿತು. ಆಮೇಲೆ ಪೆಟ್ಟಿಗೆಯಿಂದ ಹಂಚಿದ ಕೂಲಿ ಬೇರೆ, ಸಹಿಗಳ ಸಮೇತ, ಖರ್ಚಿನಲ್ಲಿ ಕುಳಿತಿತು. ತನ್ನ ಹಣವನ್ನೇ ಒಂದು ಕಡೆಯಿಂದ ಇನ್ನೊಂದು ಕಡೆ ಇಟ್ಟುಕೊಂಡವರಿಗೆ ಒತ್ತಲು ಮೂರನೆಯ ಗುಂಡಿಯೇ ಇರಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದೂ ಬ್ಯಾಂಕಿನಲ್ಲಿದ್ದದ್ದೂ ಪೈಸೆ ಪೈಸೆ ಸರಿಯಾಗಿರಲೇಬೇಕಿತ್ತು; ಹೋದ ಹಣದ ವಾಸನೆ ಹಿಡಿದವರು ಯಾರೂ ಇದ್ದ ಹಣವನ್ನು ಎಣಿಸಿ ನೋಡಿರಲಿಲ್ಲ.

ಅತ್ತೆ ಇನ್ನೊಂದು ಹಾಳೆಯನ್ನು ತಿರುವಿದರು. ಮೂರೂವರೆ ತಿಂಗಳ ಹಿಂದೆ ಆಕೆ ನಮಗೆ ಬರೆದ ಪ್ರಶ್ನೆ ಅದು: ಬ್ಯಾಂಕಿನಿಂದ ತಂದ ಹಣವನ್ನು ಹೇಗೆ ಬರೆಯಲಿ? ಕೆಳಗೆ ನನ್ನ ಉತ್ತರ: ಪೆಟ್ಟಿಗೆಯಲ್ಲಿ ‘ಬಂತು’, ಬ್ಯಾಂಕಿನಲ್ಲಿ ‘ಹೋಯಿತು’ ಒತ್ತಿ, ಸಹೃದಯರೇ. ಅಂದು ನಲವತ್ತು ಪತ್ರಗಳಿಗೆ ಉತ್ತರ ಬರೆದು ಕೈತೊಳೆದುಕೊಂಡಿದ್ದೆ. ಯೋಚಿಸಿ ಬರೆದ ನೆನಪೂ ಇಲ್ಲ. ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಉತ್ತರದ ಕೆಳಗೆ ಕಚೇರಿಯ ಹೆಸರಿತ್ತೇ ಹೊರತು ನನ್ನದಿರಲಿಲ್ಲ.

“ಅತ್ತೆ, ಇದನ್ನ ಬರೆದಿದ್ದು ನಾನು.”

ಅವರು ಕನ್ನಡಕದ ಮೇಲಿಂದ ನೋಡಿದರು. ಬೈಗುಳಕ್ಕೆ ನಾನು ತಲೆಯೊಡ್ಡಿ ನಿಂತೆ. “ಗೊತ್ತು. ‘ಒತ್ತಿ’ ಆದ ಮೇಲೆ ‘ಸಹೃದಯರೇ’ ಅಂತ ಇನ್ಯಾರು ಬರೀತಾರೆ? ಎರಡೇ ಮಾತು ಕೊಟ್ಟು ಮೂರನೇದನ್ನ ನೀವು ಎಲ್ಲಿಂದ ತರ್ತಿದ್ರಿ ಪಂಡಿತರೇ, ಬಿಡಿ” ಎಂದರು. ಹಾಳೆಗಳನ್ನು ಮಡಿಸುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು: “ನಲವತ್ತು ಜನಾನ ಮಾತು ಅರ್ಥ ಆಯ್ತಾ ಅಂತ ಕೇಳ್ದೆ. ಒಬ್ಬರ ಕೈಗಾದ್ರೂ ಒಂದು ಶನಿವಾರದ ಲೆಕ್ಕ ಕೊಟ್ಟು, ಬರೀರಿ ಅನ್ಲಿಲ್ಲ.”

ಅಳಿಯ ಪತ್ರ ಕಳಿಸಿದರೆ ಸಾಕು ಎಂದ. ಆಗಿದ್ದನ್ನು ಅಚ್ಚುಕಟ್ಟಾಗಿ ವಿವರಿಸಿ ಬರೆದರೆ ಓದಿಕೊಳ್ಳುತ್ತಾರೆ, ತಪ್ಪು ನಮ್ಮದೆಂದು ಸಭೆಯಲ್ಲಿ ಹೇಳುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದ. “ಅಂದ್ರೆ?” ಎಂದರು ಅತ್ತೆ. ಅವನು ವಿವರಿಸಲಾರಂಭಿಸಿ, ಅರ್ಧಕ್ಕೆ ನಿಲ್ಲಿಸಿ, ನಾನೂ ಬರ್ಲಾ ಅತ್ತೆ ಎಂದ. ಬೇಡ, ನೀನು ಬಂದರೆ ಸಾಲ ವಸೂಲಿಗೆ ಬಂದ ಹಾಗೆ ಕಾಣ್ತೀಯ ಎಂದು ಅವರು ನನ್ನನ್ನು ಕರೆದುಕೊಂಡು ಹೋದರು.

ಭಾನುವಾರ ಬೆಳಗ್ಗೆ ಎರಡು ಬಸ್ಸು ಬದಲಾಯಿಸಿ ಆ ಉದ್ದನೆಯ ಕೋಣೆಗೆ ಹೋದಾಗ ಇಪ್ಪತ್ತು ಜನ ಯಂತ್ರಗಳ ಹಿಂದೆ ತಮ್ಮ ತಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಖಜಾಂಚಿ ಬಾಗಿಲ ಬಳಿ, ಯಾರ ಪಕ್ಕವೂ ಅಲ್ಲದ ಜಾಗದಲ್ಲಿ ನಿಂತಿದ್ದಳು. ಸಣ್ಣ ಆಳು, ಸೂಜಿ ಚುಚ್ಚದಿರಲೆಂದು ತೊಡುವ ಲೋಹದ ಟೊಪ್ಪಿಗೆ ಬೆರಳಿನಲ್ಲಿ ಇನ್ನೂ ಇತ್ತು. ಅತ್ತೆ ಯಂತ್ರಗಳ ಸಾಲಿನ ನಡುವೆ ಎಡಭುಜ ಮುಂದೆ ಮಾಡಿ ನುಸುಳಿ ಹೋದರು. ಆ ನಡಿಗೆ ಅಲ್ಲಿ ಮೊದಲ ಬಾರಿಗೆ ಸಹಜವಾಗಿ ಕಂಡಿತು. ಕತ್ತರಿಸುವ ಮೇಜಿನ ತುದಿಯಲ್ಲಿ ಅಧ್ಯಕ್ಷೆ ಕೈಕಟ್ಟಿ ನಿಂತಿದ್ದಳು.

ಅತ್ತೆ ಭಾಷಣ ಮಾಡಲಿಲ್ಲ. ಅಂಗಿಯ ಗುಂಡಿಗಳಿದ್ದ ಎರಡು ಡಬ್ಬಿ ಕೇಳಿ ಇಸಿದುಕೊಂಡು ಮೇಜಿನ ಮೇಲಿಟ್ಟರು. ಇದು ನಿಮ್ಮ ಬ್ಯಾಂಕು, ಇದು ನಿಮ್ಮ ಪೆಟ್ಟಿಗೆ ಎಂದರು. ಅಧ್ಯಕ್ಷೆಯ ಕೈಯಲ್ಲೇ ಮೊದಲನೆಯದರಿಂದ ಇಪ್ಪತ್ತು ಗುಂಡಿ ಎಣಿಸಿ ಎರಡನೆಯದಕ್ಕೆ ಹಾಕಿಸಿದರು.

“ಈಗ ಎಷ್ಟು ಗುಂಡಿ ಸಂಪಾದಿಸಿದ್ರಿ?”

“ಸಂಪಾದನೆ ಎಲ್ಲಿಂದ ಬಂತು? ಇಲ್ಲಿಂದ ಅಲ್ಲಿಗೆ ಹಾಕಿದೆ” ಎಂದಳು ಅಧ್ಯಕ್ಷೆ.

“ಎಷ್ಟು ಕಳ್ಕೊಂಡ್ರಿ?”

“ಒಂದೂ ಇಲ್ಲ.”

“ನಮ್ಮ ಪರದೆ ಇಪ್ಪತ್ತು ಸಂಪಾದಿಸಿದ್ರಿ, ಇಪ್ಪತ್ತು ಖರ್ಚು ಮಾಡಿದ್ರಿ ಅಂತು. ಹದಿನಾಲ್ಕು ಸಲ ಅಂತು. ಇವರು ಸರಿಯಾಗಿ ಬರೆಯೋದು ಹೇಗೆ ಅಂತ ನಮ್ಮನ್ನ ಕೇಳಿದ್ರು. ನಾವು ಹೇಳಿಕೊಟ್ಟ ಹಾಗೇ ಬರೆದ್ರು. ಹೇಳಿಕೊಟ್ಟಿದ್ದು ತಪ್ಪು. ಆ ಮಾತು ಆರಿಸಿದೋಳು ನಾನು.” ಇಷ್ಟು ಹೇಳಿ ಆದಾಯದ ಪುಟವನ್ನೂ ಖರ್ಚಿನ ಪುಟವನ್ನೂ ಪಕ್ಕ ಪಕ್ಕ ಇಟ್ಟು, ಹದಿನಾಲ್ಕು ಸಾಲುಗಳನ್ನೂ ಸೀಮೆಸುಣ್ಣದಿಂದ ಗುರುತು ಹಾಕಿದರು. ಆಮೇಲೆ ಪೆಟ್ಟಿಗೆ ತರಿಸಿ, ಎಲ್ಲರೆದುರು ಎಣಿಸಲು ಹೇಳಿದರು. ಎಣಿಕೆ ಸರಿಯಾಗಿತ್ತು. ಬ್ಯಾಂಕಿನ ಪುಸ್ತಕವೂ ಸರಿಯಾಗಿತ್ತು.

ಕೋಣೆಯಲ್ಲಿ ಯಾರೋ ದೀರ್ಘವಾಗಿ ಉಸಿರು ಬಿಟ್ಟರು; ಅದು ನಾನೇ ಇರಬೇಕು. ಖಜಾಂಚಿ ಮಾತ್ರ ಹಾಗೆಯೇ ನಿಂತಿದ್ದಳು. “ಹಾಗಾದ್ರೆ ನಾನು ತಗೊಂಡಿಲ್ಲ?” ಎಂದು ಕೇಳಿದಳು, ಬೇರೆ ಯಾರದೋ ಸಂಗತಿ ವಿಚಾರಿಸುವಂತೆ.

“ಇಲ್ಲ ಕಣಮ್ಮ.”

“ನಂಗೇ ಅನುಮಾನ ಬಂದಿತ್ತು. ಇಷ್ಟು ಜನ ಹೇಳ್ತಾರೆ, ಬರೆದಿರೋದೂ ನನ್ನ ಕೈಯಲ್ಲೇ. ಎಲ್ಲೋ ನಾನೇ ತಗೊಂಡು ಮರೆತಿದ್ದೀನೇನೋ ಅಂತ ರಾತ್ರಿಯೆಲ್ಲ ಟ್ರಂಕು ಹುಡುಕ್ತಿದ್ದೆ.”

ಅಧ್ಯಕ್ಷೆ ಆ ಮಾತು ಕೇಳಿ ಮೇಜು ಬಿಟ್ಟು ಬಂದಳು. ಕ್ಷಮಿಸು ಎನ್ನಲಿಲ್ಲ, ಮನೆಮಂದಿಗೆ ಆ ಮಾತು ಸಲೀಸಾಗಿ ಬರುವುದಿಲ್ಲ. ತನ್ನ ಸ್ಟೂಲನ್ನು ತಂದು ಹಾಕಿ, “ಕೂತ್ಕೊಳೇ, ಬೆಳಗ್ಗಿಂದ ನಿಂತಿದ್ದೀಯ” ಎಂದಳು. ಖಜಾಂಚಿ ಕೂತಳು. ಕೂತು, ಚೀಲದಿಂದ ಫೋನು ತೆಗೆದು, ಯಂತ್ರದ ಗಿರಾಕಿಗೆ ಕರೆಮಾಡಿ, “ಅಣ್ಣಾ, ಸಂಜೆ ಬರಬೇಡಿ. ಮಾರಲ್ಲ” ಎಂದಳು. ಆ ಕಡೆಯಿಂದ ಬೆಲೆ ಏರಿಸಿದನೆಂದು ತೋರುತ್ತದೆ. ಬೆಲೆಗಲ್ಲಣ್ಣ, ನಂಗೆ ನಾಳೆ ಕೆಲಸ ಇದೆ ಎಂದಳು. ಹೆಂಗಸರು ನಕ್ಕರು, ಅವಳೂ ನಕ್ಕಳು.

ಮರುದಿನದಿಂದ ಅತ್ತೆ ತಮ್ಮ ಎರಡು ಮಾತುಗಳನ್ನು ಪರದೆಯಿಂದ ಇಳಿಸುವ ಕೆಲಸಕ್ಕೆ ಕೂತರು. ಈ ಸಲ ಬೀದಿಗೆ ಚೂರುಕಾಗದ ಒಯ್ಯಲಿಲ್ಲ. ಬೀಗದವನನ್ನೂ ತರಕಾರಿಯಾಕೆಯನ್ನೂ ಲಿಫ್ಟಿನವನನ್ನೂ ಕಚೇರಿಗೇ ಕರೆದು, ಅವರವರ ಒಂದು ವಾರದ ಲೆಕ್ಕವನ್ನು ಅವರಿಂದಲೇ ಬರೆಸಿ, ಹಿಂದೆ ನಿಂತು ನೋಡಿದರು. ಬಾಯಿಬಿಟ್ಟು ಸಹಾಯ ಮಾಡಹೋದ ನನ್ನ ಕಾಲು ತುಳಿದರು. ಆರು ವಾರ ಹಿಡಿಯಿತು. ಈಗ ಪರದೆಯ ಮೇಲೆ ಎರಡು ಖಾನೆಗಳಿವೆ, ‘ಎಲ್ಲಿಂದ’, ‘ಎಲ್ಲಿಗೆ’. ಎರಡನ್ನೂ ತುಂಬದೆ ಅದು ಮುಂದೆ ಹೋಗುವುದಿಲ್ಲ, ತಾನಾಗಿ ಏನನ್ನೂ ಊಹಿಸುವುದಿಲ್ಲ. ಹಳೆಯ ಮಾತುಗಳನ್ನು ಬಳಸಿದ್ದ ಎಲ್ಲರಿಗೂ, ತಪ್ಪಾಗಿತ್ತು ಎಂಬ ಮಾತಿನಿಂದಲೇ ಶುರುವಾಗುವ ಪತ್ರವನ್ನು ಅವರು ನನ್ನಿಂದ ಬರೆಸಿದರು. ‘ಸಹೃದಯರೇ’ ಎಂಬುದನ್ನು ಹೊಡೆದುಹಾಕಿದರು.

ಅತ್ತೆಯಂಥವರು ಎಲ್ಲ ಕಸುಬುಗಳಲ್ಲೂ ಒಬ್ಬೊಬ್ಬರಿರುತ್ತಾರೆ. ಔಷಧದ ಸೀಸೆಯ ಮೇಲೆ ಎಷ್ಟು ಚಮಚ ಎಂದು ಬರೆಯುವವರು, ಅರ್ಜಿಯ ಖಾನೆಗಳಿಗೆ ಹೆಸರಿಡುವವರು, ಬಸ್ಸಿನ ಹಣೆಯ ಮೇಲೆ ಊರು ಬರೆಯುವವರು. ಬರೆದದ್ದು ನೆಟ್ಟಗಿದ್ದಷ್ಟು ದಿನ ಇವರು ಇದ್ದಾರೆಂಬುದೇ ಲೋಕಕ್ಕೆ ತಿಳಿಯದು. ಬರೆದದ್ದು ಕೆಟ್ಟರೆ ಓದಿದವನು ಇವರನ್ನು ಬೈಯುವುದಿಲ್ಲ. ತನ್ನ ದಡ್ಡತನವೆಂದುಕೊಳ್ಳುತ್ತಾನೆ, ತಲೆ ತಗ್ಗಿಸುತ್ತಾನೆ, ತಾನು ಮಾಡದ ತಪ್ಪಿಗಾಗಿ ತನ್ನ ಮನೆಯನ್ನೇ ಹುಡುಕುತ್ತಾನೆ. ಹಾಗೆ ಹುಡುಕುತ್ತಿರುವವನಿಗೆ ತಪ್ಪು ನಿನ್ನದಲ್ಲವೆಂದು ಹೇಳಬಲ್ಲವರು ಬರೆದವರು ಮಾತ್ರ. ಹೆಚ್ಚಿನವರು ಹೋಗಿ ಹೇಳುವುದಿಲ್ಲ; ನಾನೂ ಆ ಗುರುವಾರ ಬಾಯಿ ಬಿಡುವ ಮುನ್ನ ಒಂದು ಕ್ಷಣ ಹಿಂದೆಮುಂದೆ ನೋಡಿದವನೇ. ಹೋಗಿ ಹೇಳುವವರು ಕೆಲವರಿದ್ದಾರೆ ಎಂಬ ಒಂದು ಧೈರ್ಯದಿಂದಲೇ ನಮ್ಮಂಥವರು ಗುರುತಿಲ್ಲದವರು ಬರೆದಿಟ್ಟ ಮಾತನ್ನು ನಂಬಿ, ಗುಂಡಿ ಒತ್ತಿ, ಔಷಧ ಕುಡಿದು, ಬಸ್ಸು ಹತ್ತುತ್ತಿದ್ದೇವೆ.